ಬಾರ್ ಮಿಟ್ಜ್ವಾ ಮುಗಿದ ಮೇಲೆ ತರಗತಿ ಖಾಲಿಯಾಗುವುದೇಕೆ?

ಅಮೆರಿಕದ ಎಷ್ಟೋ ಸಿನಗಾಗ್‌ಗಳಲ್ಲಿ, ಅಂದರೆ ಯಹೂದಿ ಪ್ರಾರ್ಥನಾ ಮಂದಿರಗಳಲ್ಲಿ, ಭಾನುವಾರ ಬೆಳಿಗ್ಗೆ ಯಹೂದಿ ಮಕ್ಕಳಿಗೆ ಪಾಠ ನಡೆಯುತ್ತದೆ. ಹೀಬ್ರೂ ಅಕ್ಷರ, ಪ್ರಾರ್ಥನೆ, ಹಬ್ಬ, ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದ ಕಥೆ. 1838ರಲ್ಲಿ ಫಿಲಡೆಲ್ಫಿಯಾದಲ್ಲಿ ರೆಬೆಕಾ ಗ್ರಾಟ್ಜ್ ಶುರುಮಾಡಿದ ಶಾಲೆಯ ಕಾಲದಿಂದ ಬಂದ ರೂಢಿ ಇದು. ಹುಡುಗನಿಗೆ 13 ತುಂಬಿದಾಗ ಬಾರ್ ಮಿಟ್ಜ್ವಾ, ಹುಡುಗಿಗೆ 12ಕ್ಕೋ 13ಕ್ಕೋ ಬಾತ್ ಮಿಟ್ಜ್ವಾ: ಧರ್ಮದ ಹೊಣೆ ಹೊರುವ ವಯಸ್ಸು ಬಂತೆಂದು ಸಭೆಯ ಮುಂದೆ ತೋರಾ ಓದುವ ಸಮಾರಂಭ. ಅದಾದ ಮೇಲೆ ಎಷ್ಟೋ ಮಕ್ಕಳು ಆ ಕಡೆ ತಲೆಹಾಕುವುದಿಲ್ಲ. ಮಕ್ಕಳಿಗೆ ಶ್ರದ್ಧೆಯಿಲ್ಲ ಎಂದು ಹಿರಿಯರು ನೊಂದುಕೊಳ್ಳುತ್ತಾರೆ. ತಪ್ಪು ಮಕ್ಕಳದ್ದಲ್ಲ. ಮಗುವನ್ನು ಬಾಗಿಲಲ್ಲಿ ಬಿಟ್ಟು ಅಪ್ಪ ಅಮ್ಮ ವಾಪಸ್ ಹೋಗುವ ಹಾಗೆ ಕಾರ್ಯಕ್ರಮ ಕಟ್ಟಿದ್ದೇವಲ್ಲ, ಅಲ್ಲೇ ಇದೆ ತಪ್ಪು. ಅಮೆರಿಕದಲ್ಲಿ ಭಾನುವಾರದ ಕನ್ನಡ ತರಗತಿ ನಡೆಸುವವರಿಗೂ ಈ ಸಂಕಟ ಗೊತ್ತು.

ಮೊದಲು ಸಮಯದ ಲೆಕ್ಕ ಹಾಕಿ. ಭಾನುವಾರ 2 ಗಂಟೆ, ವಾರದ ನಡುವೆ ಒಂದು ಸಂಜೆ ಒಂದೂವರೆ ಗಂಟೆ, ವರ್ಷಕ್ಕೆ 30 ವಾರ ಅಂದರೆ 105 ಗಂಟೆ. ಶಾಲೆ ಶುರುವಾಗುತ್ತಿದ್ದಂತೆಯೇ ರೋಷ್ ಹಶಾನಾ, ಯೋಮ್ ಕಿಪ್ಪುರ್, ಸುಕ್ಕೋತ್ ಹಬ್ಬಗಳು ಸಾಲಾಗಿ ಬಂದು ಪಾಠ ಕಡಿದು ಹೋಗುತ್ತದೆ. ಆ ಸಂಜೆಯ ಒಂದೂವರೆ ಗಂಟೆಯ ತರಗತಿಯಲ್ಲಿ 12 ಮಕ್ಕಳು ಸರದಿಯಂತೆ ಓದಿದರೆ ಒಬ್ಬರ ಪಾಲಿಗೆ ಏಳೂವರೆ ನಿಮಿಷ. ಮಿಕ್ಕ ಹೊತ್ತು ಆಕಳಿಕೆ. ಇಬ್ಬಿಬ್ಬರನ್ನು ಎದುರುಬದುರು ಕೂರಿಸಿ ಒಬ್ಬರು ಓದಿ ಇನ್ನೊಬ್ಬರು ತಿದ್ದುವ 'ಖವ್ರೂತಾ' ಯಹೂದಿಗಳದ್ದೇ ಹಳೆಯ ಪದ್ಧತಿ. ಅದನ್ನು ಹಿಡಿದರೆ ಪ್ರತಿ ಮಗುವೂ ಅರ್ಧ ಹೊತ್ತು ಓದುತ್ತದೆ. ಒಬ್ಬ ಗುರುವಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ, 50 ಆದರೆ ಇಬ್ಬರು ಗುರುಗಳು ಎಂದು ಯಹೂದಿಗಳ ಪ್ರಾಚೀನ ಶಾಸ್ತ್ರಗ್ರಂಥ ತಾಲ್ಮುದ್ ಆಗಲೇ ಹೇಳಿಟ್ಟಿದೆ. ಆ ಸಹಾಯಕರ ಜಾಗಕ್ಕೇ ಹದಿಹರೆಯದವರು ಬೇಕು. ಬಾರ್ ಮಿಟ್ಜ್ವಾ ಮುಗಿಸಿದವರನ್ನು ಮಾರನೇ ವಾರವೇ 'ಮದ್ರಿಖ್', ಅಂದರೆ ಮಾರ್ಗದರ್ಶಿ, ಮಾಡಿ ನಾಲ್ಕು ಚಿಕ್ಕ ಮಕ್ಕಳನ್ನು ಒಪ್ಪಿಸಿ. ಬರೀ ಉಪನ್ಯಾಸಕ್ಕೆ ಕರೆದರೆ ಅವರು ಬರುವುದಿಲ್ಲ, ಕೆಲಸ ಕೊಟ್ಟರೆ ಬರುತ್ತಾರೆ.

ಇನ್ನು ಓದು. ಹೀಬ್ರೂವಿನಲ್ಲಿ 22 ಅಕ್ಷರ, ಅವುಗಳಲ್ಲಿ 5ಕ್ಕೆ ಪದದ ಕೊನೆಯಲ್ಲಿ ಬೇರೆ ರೂಪ. ಸ್ವರಗಳೆಲ್ಲ ಚುಕ್ಕೆ, ಗೆರೆ. ನಮ್ಮ ಕಾಗುಣಿತ ನೆನಪಿಸಿಕೊಳ್ಳಿ, ಆದರೆ ತೋರಾ ಸುರುಳಿಯಲ್ಲಿ ಆ ಚುಕ್ಕೆಗಳೂ ಇಲ್ಲ, ಯಾವ ರಾಗದಲ್ಲಿ ಓದಬೇಕೆಂದು ತೋರಿಸುವ ಗುರುತುಗಳೂ ಇಲ್ಲ. ಕಿ, ಕು, ಕೆ ಎಲ್ಲವನ್ನೂ ಬರೀ 'ಕ' ಎಂದೇ ಬರೆದ ಹಾಗೆ. ಹೆದರಿದ ಕುಟುಂಬಗಳು ಧ್ವನಿಮುದ್ರಣ ಕೇಳಿಸಿ ಬಾಯಿಪಾಠ ಮಾಡಿಸುತ್ತವೆ. ರಾಗ ಸೊಗಸಾಗಿ ಬರುತ್ತದೆ, ಆದರೆ ನಡುಸಾಲಿನ ಒಂದು ಪದದ ಮೇಲೆ ಕಡ್ಡಿಯಿಟ್ಟು ಇಲ್ಲಿಂದ ಓದು ಅನ್ನಿ, ಮಗು ಮೊದಲಿನಿಂದ ಹಾಡತೊಡಗುತ್ತದೆ. ಇದಕ್ಕೆ 'ತಿಕ್ಕುನ್' ಎಂಬ ಪುಸ್ತಕವಿದೆ: ಒಂದು ಅಂಕಣದಲ್ಲಿ ಚುಕ್ಕೆ ಸಮೇತ, ಪಕ್ಕದಲ್ಲಿ ಅದೇ ಸಾಲು ಸುರುಳಿಯಲ್ಲಿರುವ ಹಾಗೆ. ಸಮಾರಂಭಕ್ಕೆ ಹತ್ತು ತಿಂಗಳು ಮೊದಲೇ ರಾಗದ ಗುರುತುಗಳನ್ನು ಕಲಿಸಿ, ವಾರಕ್ಕೆ ಒಂದೇ ವಾಕ್ಯ ಹಿಡಿಯಿರಿ. ಚುಕ್ಕೆಯ ಅಂಕಣ ಮುಚ್ಚಿ ಓದುವ ತನಕ ಮುಂದಕ್ಕೆ ಹೋಗಬೇಡಿ. ಸಭೆಯಲ್ಲಿ ಓದುವ ಒಂದು ಸರದಿಗೆ ಕನಿಷ್ಠ ಮೂರು ವಾಕ್ಯ ಸಾಕು. ಬಾಯಿಪಾಠದ ಮೂವತ್ತಕ್ಕಿಂತ ಓದಿದ ಮೂರು ಮೇಲು.

ಅಕ್ಷರ ಗೊಂದಲವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ದಾಲೆಟ್ (ದ) ಅಕ್ಷರದ ಮೇಲಿನ ಬಲ ಮೂಲೆ ಚೂಪು, ರೇಷ್ (ರ) ಅಕ್ಷರದ್ದು ದುಂಡು. ದೇವರು ಒಬ್ಬನೇ ಎನ್ನುವ 'ಶೆಮಾ' ವಾಕ್ಯದ ಕೊನೆಯ ಪದ 'ಎಹಾದ್', ಅಂದರೆ ಒಬ್ಬ. ಅಲ್ಲಿನ ದಾಲೆಟ್ ರೇಷ್ ಆದರೆ 'ಅಹೇರ್', ಅಂದರೆ ಬೇರೊಬ್ಬ. ಸುರುಳಿಯಲ್ಲಿ ಆ ಒಂದು ದಾಲೆಟ್ಟನ್ನು ದೊಡ್ಡದಾಗಿ ಬರೆಯುತ್ತಾರೆ. ಇದನ್ನು ತೋರಿಸಿದ ಮಗು ಆ ಎರಡು ಅಕ್ಷರಗಳನ್ನು ಸುಲಭಕ್ಕೆ ಬೆರೆಸುವುದಿಲ್ಲ.

ದೊಡ್ಡವರ ತರಗತಿಯನ್ನು ಮಂಗಳವಾರ ರಾತ್ರಿಗೆ ತಳ್ಳಬೇಡಿ, ಮಕ್ಕಳ ತರಗತಿಯ ಹೊತ್ತಿಗೇ ಪಕ್ಕದ ಕೋಣೆಯಲ್ಲಿ ಇಡಿ. ಅಮೆರಿಕದ ಮೊದಲ ಬಾತ್ ಮಿಟ್ಜ್ವಾ ಎಂದು ಹೆಸರಾದ ಜೂಡಿತ್ ಕಪ್ಲಾನ್ ಅವರದು ನಡೆದದ್ದೇ 1922ರಲ್ಲಿ. ಆಮೇಲೂ ಬಹಳ ಕಾಲ ಎಷ್ಟೋ ಹುಡುಗಿಯರಿಗೆ ಅವಕಾಶ ಸಿಗಲಿಲ್ಲ, ಹಾಗಾಗಿ ಅಜ್ಜಿಯರೂ ಆಲೆಫ್ ಬೇಟ್, ಅಂದರೆ ಹೀಬ್ರೂ ಅಕ್ಷರಮಾಲೆ, ತಿದ್ದಲು ಬರುತ್ತಾರೆ. ಅವರಿಗೆ ಕುರ್ಚಿ ಹಾಕಿ. ಕೊನೆಯ 20 ನಿಮಿಷ ಎರಡು ಕೋಣೆಗಳನ್ನೂ ಸೇರಿಸಿ, ಮಗು ಮತ್ತು ಮನೆಯವರನ್ನು ಜೋಡಿ ಮಾಡಿ. ಮೊದಲ ಪಾಠ ಶೆಮಾದ ಮುಂದಿನ ಸಾಲುಗಳೇ ಇರಲಿ: ಮನೆಯಲ್ಲಿ ಕೂತಾಗ, ದಾರಿಯಲ್ಲಿ ನಡೆಯುವಾಗ, ಮಲಗುವಾಗ, ಏಳುವಾಗ ಮಕ್ಕಳಿಗೆ ಇದನ್ನು ಕಲಿಸು ಎಂಬ ಮಾತು. ಅದನ್ನು ಮಗು ಓದಲಿ, ಅಪ್ಪ ಅಮ್ಮ ಬೆರಳಿಟ್ಟುಕೊಂಡು ಹಿಂಬಾಲಿಸಲಿ.