ಹಾರ್ಮೋನ್ ಸರಿ ಇರಬೇಕಾದರೆ ಮೊದಲು ನಿದ್ದೆ, ಬೆಳಕು ನೋಡಿಕೊಳ್ಳಿ

[ನಿರೂಪಕಿ ಕ್ಯಾಮೆರಾ ಮುಂದೆ]

ನಮಸ್ಕಾರ. ಹಾರ್ಮೋನ್ ಏರುಪೇರು ಅಂತ ಹುಡುಕಿದರೆ ಸಾಕು, ಯಾವ ಪುಡಿ ಕುಡಿಯಬೇಕು, ಯಾವ ಬೀಜ ತಿನ್ನಬೇಕು ಅನ್ನುವ ಪಟ್ಟಿಗಳೇ ಸಿಗುತ್ತವೆ. ಇವತ್ತು ಆ ಪಟ್ಟಿ ಬೇಡ. ನಿದ್ದೆ ಮತ್ತು ಬೆಳಕಿನ ಬಗ್ಗೆ ಮಾತಾಡೋಣ. ಇವೆರಡನ್ನು ಸರಿಮಾಡದೆ ಬೇರೆ ಏನೇ ಮಾಡಿದರೂ ಅರ್ಧ ಕೆಲಸವೇ ಅಂತ ನನಗೆ ಅನಿಸುತ್ತದೆ.

ಹಾರ್ಮೋನ್‌ಗಳು ದಿನವಿಡೀ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಇರಲೂಬಾರದು. ಕಾರ್ಟಿಸಾಲ್ ತಗೊಳ್ಳಿ. ಒತ್ತಡದ ಹಾರ್ಮೋನ್ ಅಂತ ಎಲ್ಲರೂ ಅದನ್ನು ದೂರುತ್ತಾರೆ. ಆದರೆ ಬೆಳಗ್ಗೆ ಅದು ಏರಲೇಬೇಕು. ಎಚ್ಚರವಾದ 30ರಿಂದ 45 ನಿಮಿಷದೊಳಗೆ ಅದು ಇನ್ನಷ್ಟು ಮೇಲೆ ಹೋಗುತ್ತದೆ. ಆಮೇಲೆ ಇಳಿಯುತ್ತಾ ಬಂದು ನಡುರಾತ್ರಿ ಹೊತ್ತಿಗೆ ತೀರಾ ಕಡಿಮೆಯಾಗುತ್ತದೆ. ನಿದ್ದೆಯ ಹೊತ್ತಾಯ್ತು ಅಂತ ಮೈಗೆ ತಿಳಿಸುವ ಹಾರ್ಮೋನ್ ಮೆಲಟೋನಿನ್ ಇದಕ್ಕೆ ಉಲ್ಟಾ. ಅದು ಕತ್ತಲಾದ ಮೇಲೆ ಏರುತ್ತದೆ.

[ಚಿತ್ರ: 24 ಗಂಟೆಯ ಗ್ರಾಫ್, ಎರಡು ಬಣ್ಣದ ಗೆರೆ]

ಈ ಏರಿಳಿತ ನಡೆಸುವ ಮುಖ್ಯ ಗಡಿಯಾರ ಮಿದುಳಿನ ಹೈಪೋಥಲಾಮಸ್ ಅನ್ನುವ ಭಾಗದಲ್ಲಿದೆ. ಕಣ್ಣಿಗೆ ಬೀಳುವ ಬೆಳಕು ನೋಡಿಕೊಂಡು ಅದು ಸಮಯ ಹೊಂದಿಸಿಕೊಳ್ಳುತ್ತದೆ. ಜೀವಕೋಶದೊಳಗೆ ಇಂಥ ಗಡಿಯಾರ ಹೇಗೆ ಓಡುತ್ತದೆ ಅಂತ ತೋರಿಸಿಕೊಟ್ಟ ಜೆಫ್ರಿ ಹಾಲ್, ಮೈಕಲ್ ರಾಸ್‌ಬ್ಯಾಷ್, ಮೈಕಲ್ ಯಂಗ್ ಅವರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗ್ಗೆ ಹೊರಗಿನ ಬೆಳಕಿಗೆ ಬನ್ನಿ ಅಂತ ಹೇಳುವುದು ಸುಮ್ನೆ ಅಲ್ಲ ಅಂತ ಗೊತ್ತಾಯ್ತಲ್ವಾ? ರಾತ್ರಿ ಫೋನ್, ಟಿವಿಯ ಜೋರು ಬೆಳಕು ಮೆಲಟೋನಿನ್ ಬರುವುದನ್ನು ತಡಮಾಡುತ್ತದೆ.

ಈಗ ನಿದ್ದೆ ಕಡಿಮೆಯಾದರೆ ಏನಾಗುತ್ತದೆ ನೋಡಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 12 ಮಂದಿ ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ಬರೀ 4 ಗಂಟೆ ಮಲಗಿಸಿದರು. ಇನ್ನೊಂದು ಸಲ ಎರಡು ರಾತ್ರಿ 10 ಗಂಟೆ ಮಲಗಲು ಬಿಟ್ಟರು. ನಿದ್ದೆಗೆಟ್ಟಾಗ, ಹೊಟ್ಟೆ ತುಂಬಿದೆ ಅಂತ ಹೇಳುವ ಲೆಪ್ಟಿನ್ ಶೇಕಡಾ 18ರಷ್ಟು ಕಡಿಮೆ ಇತ್ತು. ಹಸಿವು ಹುಟ್ಟಿಸುವ ಗ್ರೆಲಿನ್ ಶೇಕಡಾ 28ರಷ್ಟು ಜಾಸ್ತಿ ಇತ್ತು. ಚಿಕ್ಕ ಅಧ್ಯಯನ, ನಿಜ. ಆದರೂ ನಿದ್ದೆಗೆಟ್ಟ ಮರುದಿನ ಸಿಹಿ, ಕರಿದದ್ದು ಬೇಕು ಬೇಕು ಅನಿಸುತ್ತದಲ್ಲ, ಅದಕ್ಕೆ ನಿಮ್ಮ ಮನಸ್ಸು ಗಟ್ಟಿಯಿಲ್ಲ ಅಂತ ಬೈದುಕೊಳ್ಳಬೇಡಿ. 2011ರ ಇನ್ನೊಂದು ಅಧ್ಯಯನದಲ್ಲಿ ಒಂದು ವಾರ ರಾತ್ರಿಗೆ 5 ಗಂಟೆ ಮಾತ್ರ ಮಲಗಿದ ಯುವಕರಲ್ಲಿ ಗಂಡಸರ ಮುಖ್ಯ ಲೈಂಗಿಕ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಹಗಲಿನಲ್ಲಿ ಶೇಕಡಾ 10ರಿಂದ 15ರಷ್ಟು ಇಳಿದಿತ್ತು.

ಹಾಗಾದರೆ ಏನು ಮಾಡಬೇಕು? ದೊಡ್ಡವರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ನನ್ನನ್ನು ಕೇಳಿದರೆ, ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಮೊದಲು ಗಟ್ಟಿಮಾಡಿಕೊಳ್ಳಿ. ರಜೆ ದಿನವೂ ಅದೇ ಹೊತ್ತಿಗೆ ಏಳಿ. ರಾತ್ರಿ ನಿದ್ದೆ ತಾನಾಗಿ ಬೇಗ ಬರತೊಡಗುತ್ತದೆ. ಕಾಫಿಯನ್ನು ಮಧ್ಯಾಹ್ನಕ್ಕೇ ಮುಗಿಸಿ. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು 5 ಗಂಟೆ ಆದ ಮೇಲೂ ಮೈಯಲ್ಲಿ ಉಳಿದಿರುತ್ತದೆ. ರಾತ್ರಿ ಪಾಳಿಯಲ್ಲಿ ದುಡಿಯುವವರಿಗೆ, ಎಳೆ ಮಗುವಿನ ತಾಯಂದಿರಿಗೆ ಇದೆಲ್ಲ ಸುಲಭವಲ್ಲ. ಅವರು ನಿದ್ದೆ ಸಿಕ್ಕಾಗ ಕೋಣೆಯನ್ನು ಪೂರ್ತಿ ಕತ್ತಲು ಮಾಡಿಕೊಂಡರೂ ಅಷ್ಟು ಅನುಕೂಲವೇ.

[ಚಿತ್ರ: ನಡೆಯುತ್ತಿರುವ ಕಾಲುಗಳು]

ಇನ್ನು ಇನ್ಸುಲಿನ್, ಅಂದರೆ ರಕ್ತದ ಸಕ್ಕರೆಯನ್ನು ಜೀವಕೋಶಗಳಿಗೆ ಸೇರಿಸುವ ಹಾರ್ಮೋನ್. ಕೆಲಸ ಮಾಡುತ್ತಿರುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳಬಲ್ಲದು. ಅದಕ್ಕೇ ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ನಡೆದರೂ ಲಾಭ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆಯಂಥ ವ್ಯಾಯಾಮ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಅತಿ ಮಾಡಬೇಡಿ. ಊಟ ತೀರಾ ಕಡಿಮೆ ಮಾಡಿ ವಿಪರೀತ ವ್ಯಾಯಾಮ ಮಾಡುವ ಹೆಣ್ಣುಮಕ್ಕಳಲ್ಲಿ ಮುಟ್ಟೇ ನಿಂತುಹೋಗುವುದುಂಟು. ಮೈಗೆ ಶಕ್ತಿ ಸಾಲುತ್ತಿಲ್ಲ ಅಂತ ಗೊತ್ತಾದರೆ ಮಿದುಳೇ ಅಂಡಾಶಯಕ್ಕೆ ಹೋಗುವ ಸೂಚನೆಯನ್ನು ತಗ್ಗಿಸುತ್ತದೆ. ಅದು ಮೂಳೆಗೂ ಪೆಟ್ಟು.

ಪಿಸಿಒಎಸ್, ಅಂದರೆ ಹಾರ್ಮೋನ್ ಏರುಪೇರಿನಿಂದ ಮುಟ್ಟು ತಪ್ಪುವಂಥ ಅಂಡಾಶಯದ ತೊಂದರೆ ಇದ್ದು ತೂಕವೂ ಜಾಸ್ತಿ ಇದ್ದವರಿಗೆ ಒಂದು ಮಾತು. ತೂಕದಲ್ಲಿ ಶೇಕಡಾ 5ರಿಂದ 10ರಷ್ಟು ಇಳಿದರೂ ಅನೇಕರಲ್ಲಿ ಮುಟ್ಟು ಸರಿಹೋಗಲು ಸಹಾಯವಾಗುತ್ತದೆ. ಸಣ್ಣಗಾಗಲೇಬೇಕು ಅಂತ ಹಟ ಹಿಡಿಯುವ ಅಗತ್ಯವಿಲ್ಲ.

ಇಷ್ಟು ಹೇಳಿದ ಮೇಲೂ, ಎಲ್ಲವನ್ನೂ ಅಭ್ಯಾಸದಿಂದ ಸರಿಮಾಡಲು ಆಗುವುದಿಲ್ಲ. ಥೈರಾಯ್ಡ್ ಗ್ರಂಥಿಗೇ ಹಾನಿಯಾಗಿದ್ದರೆ ಮಾತ್ರೆ ಬೇಕು. ಟೈಪ್ 1 ಮಧುಮೇಹಕ್ಕೆ ಇನ್ಸುಲಿನ್ ಬೇಕೇ ಬೇಕು. ಈ ವಿಡಿಯೋ ನೋಡಿ ದಯವಿಟ್ಟು ಯಾರೂ ಔಷಧಿ ನಿಲ್ಲಿಸಬೇಡಿ. ಮೂರು ತಿಂಗಳಿಂದ ಮುಟ್ಟು ಬಂದಿಲ್ಲ, ಕಾರಣವಿಲ್ಲದೆ ತೂಕ ಏರುತ್ತಿದೆ ಅಥವಾ ಇಳಿಯುತ್ತಿದೆ, ಎದೆ ಡವಡವ ಅನ್ನುತ್ತದೆ, ಸದಾ ಸುಸ್ತು ಅಂತಾದರೆ ವೈದ್ಯರನ್ನು ನೋಡಿ. ಕೂದಲಿಗೆ ಅಂತ ಬಯೋಟಿನ್ ಅನ್ನುವ ವಿಟಮಿನ್ ಮಾತ್ರೆ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲೇ ಅವರಿಗೆ ಹೇಳಿ. ಅದರ ಪ್ರಮಾಣ ಹೆಚ್ಚಿದ್ದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶ ತಪ್ಪಾಗಿ ಬರಬಹುದು. ಎಷ್ಟು ದಿನ ಮುಂಚೆ ನಿಲ್ಲಿಸಬೇಕು ಅಂತ ಅವರೇ ತಿಳಿಸುತ್ತಾರೆ.