ಜೇಮ್ಸ್‌ಟೌನ್: ಕಂಪನಿಯ ಲೆಕ್ಕದಲ್ಲಿ ಹುಟ್ಟಿದ ಶಾಸನಸಭೆ

ನಮಸ್ಕಾರ. ಅಮೆರಿಕದ ಇಂಗ್ಲಿಷ್ ವಸಾಹತುಗಳ ಮಾತು ಬಂದರೆ ಸಾಕು, ಧರ್ಮಕ್ಕಾಗಿ ಊರು ಬಿಟ್ಟು 1620ರಲ್ಲಿ ಮೇಫ್ಲವರ್ ಹಡಗು ಹತ್ತಿದವರ ಕಥೆ ಶುರುವಾಗುತ್ತದೆ. ನನಗೆ ಆ ಕಥೆಯ ಮೇಲೆ ತಕರಾರಿದೆ. ಅವರಿಗಿಂತ ಮುಂಚೆ, 1607ರ ಮೇ ತಿಂಗಳಲ್ಲಿ ವರ್ಜೀನಿಯಾದ ಜೇಮ್ಸ್‌ಟೌನ್‌ನಲ್ಲಿ ಇಳಿದವರನ್ನು ಕಳಿಸಿದ್ದು ಷೇರುದಾರರ ಕಂಪನಿ. ಮುಂದೆ ಆ ಕಂಪನಿಯ ಚುಕ್ಕಾಣಿ ಹಿಡಿದ ಸರ್ ಥಾಮಸ್ ಸ್ಮಿತ್ ಯಾರು ಗೊತ್ತೇ? ನಮ್ಮಲ್ಲಿಗೆ ವ್ಯಾಪಾರಕ್ಕೆ ಬಂದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್!

ಬಂದವರ ಕಣ್ಣೆಲ್ಲ ಚಿನ್ನದ ಮೇಲೆ. ಆಳವಾದ ನೀರಿದೆ, ಹಡಗನ್ನು ದಡದ ಮರಕ್ಕೇ ಕಟ್ಟಬಹುದು ಎಂದು ಜವುಗು ನೆಲವನ್ನು ಆರಿಸಿಕೊಂಡರು. ಬೇಸಿಗೆಯಲ್ಲಿ ಆ ಹೊಳೆಯ ನೀರು ಉಪ್ಪು. ಕುಡಿದವರು ಭೇದಿ, ಜ್ವರಗಳಿಂದ ಸತ್ತರು. ಹೊಟ್ಟೆಗೆ ಆಧಾರ ಅಲ್ಲಿನ ಪೊವ್ಹಾಟನ್ ಜನರ ಮೆಕ್ಕೆಜೋಳ. ಕೊಟ್ಟರೆ ವ್ಯಾಪಾರ, ಕೊಡದಿದ್ದರೆ ಲೂಟಿ. ಕೊನೆಗೆ ಆ ಜನ ಕೋಟೆಗೆ ಮುತ್ತಿಗೆ ಹಾಕಿದರು. 1609ರ ಚಳಿಗಾಲದಲ್ಲಿ ಒಳಗಿದ್ದವರು ಕುದುರೆ, ನಾಯಿ, ಇಲಿಗಳನ್ನು ತಿಂದು ಮುಗಿಸಿದರು. 2012ರಲ್ಲಿ ಅಲ್ಲಿ ಉತ್ಖನನ ಮಾಡಿದವರಿಗೆ ಸುಮಾರು ಹದಿನಾಲ್ಕು ವರ್ಷದ ಹುಡುಗಿಯೊಬ್ಬಳ ತಲೆಬುರುಡೆ ಸಿಕ್ಕಿತು. ಅದರ ಹಣೆಯ ಮೇಲೆ ಕತ್ತಿಯ ಸಣ್ಣ ಸಣ್ಣ ಗೀರುಗಳು. ಮೊದಲು ಅಳುಕಿದ ಕೈ ಆಮೇಲೆ ಗಟ್ಟಿಯಾಗಿ ಕಡಿದಿತ್ತು. ಹೆಚ್ಚಿಗೆ ವಿವರಿಸುವುದಿಲ್ಲ.

ವಸಾಹತನ್ನು ಉಳಿಸಿದ್ದು ತಂಬಾಕು. ಸುಮಾರು 1612ರಲ್ಲಿ ಜಾನ್ ರಾಲ್ಫ್ ಹೊರಗಿನ ಬೀಜ ತಂದು ಬೆಳೆದ ಸೌಮ್ಯ ರುಚಿಯ ಎಲೆಗೆ ಲಂಡನ್ನಿನಲ್ಲಿ ಗಿರಾಕಿ ಸಿಕ್ಕಿತು. ಬರಬರುತ್ತ ಪಾದ್ರಿಗಳ ಸಂಬಳವೂ ತಂಬಾಕಿನಲ್ಲೇ! ಆದರೆ ತೋಟಕ್ಕೆ ಆಳು ಬೇಕಲ್ಲ? ಊಟ ಕದ್ದವನಿಗೆ ಮರಣದಂಡನೆ ವಿಧಿಸುವ ಸೈನಿಕ ಕಾನೂನು ಇದ್ದ ಕಡೆ ಯಾರು ಬಂದಾರು? ಆಗ ಕಂಪನಿ ವರಸೆ ಬದಲಿಸಿತು. ಸ್ವಂತ ಖರ್ಚಿನಲ್ಲಿ ಬಂದವನಿಗೆ 50 ಎಕರೆ, ಅವನು ಕರೆತಂದ ಪ್ರತಿ ತಲೆಗೂ ಇನ್ನೊಂದು 50. ಜೊತೆಗೆ ತಮ್ಮ ಪ್ರತಿನಿಧಿಗಳನ್ನು ತಾವೇ ಆರಿಸುವ ಹಕ್ಕು.

1619ರ ಜುಲೈ 30ರಂದು ಮರದ ಚರ್ಚಿನಲ್ಲಿ 22 ಪ್ರತಿನಿಧಿಗಳು ಸೇರಿದರು. ಸೆಕೆ ಎಷ್ಟಿತ್ತೆಂದರೆ ಸದಸ್ಯನೊಬ್ಬ ಅಧಿವೇಶನದ ನಡುವೆಯೇ ತೀರಿಕೊಂಡ, ಆರು ದಿನಕ್ಕೆ ಸಭೆ ಬರಖಾಸ್ತಾಯಿತು. ಅಷ್ಟರಲ್ಲಿ ಅವರು ಮರೆಯದೆ ಮಾಡಿದ ಕೆಲಸ ತಂಬಾಕಿಗೆ ದರ ಕಟ್ಟಿದ್ದು: ಉತ್ತಮ ಎಲೆಗೆ ಪೌಂಡಿಗೆ 3 ಷಿಲಿಂಗ್. ಇದನ್ನೇ ಅಮೆರಿಕದ ಪ್ರಜಾಪ್ರಭುತ್ವದ ಉದಯ ಎಂದು ಹಾಡಿ ಹೊಗಳುತ್ತಾರೆ. ನನ್ನ ಕಣ್ಣಿಗೆ ಅದು ಆಳುಗಳನ್ನು ಸೆಳೆಯಲು ಕಂಪನಿ ಒಡ್ಡಿದ ಆಮಿಷ. ಅದೇ ಆಗಸ್ಟ್ ಕೊನೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗೊಂದು ವರ್ಜೀನಿಯಾಕ್ಕೆ ತಂದಿತು; ಅವರನ್ನು ಆಹಾರಕ್ಕೆ ವಿನಿಮಯ ಮಾಡಿಕೊಂಡರು.

1624ರಲ್ಲಿ ಕಂಪನಿ ಮುಳುಗಿ ವಸಾಹತು ದೊರೆಯ ಕೈಗೆ ಹೋಯಿತು. ಶಾಸನಸಭೆ ಮಾತ್ರ ಉಳಿಯಿತು, ತೋಟದ ಧಣಿಗಳಿಂದಲೇ ತುಂಬಿತು. 1662ರಲ್ಲಿ ಅದೇ ಸಭೆ ತಾಯಿ ಗುಲಾಮಳಾಗಿದ್ದರೆ ಮಗುವೂ ಗುಲಾಮ, ತಂದೆ ಯಾರೇ ಆಗಿರಲಿ, ಎಂದು ಕಾನೂನು ಮಾಡಿತು. ತಂದೆ ಆ ತೋಟದ ಧಣಿಯೇ ಆಗಿದ್ದರೂ.