ಮಕ್ಕಳಿಗೆ ನಂಬಿಕೆ ಬರುವಂಥ ಮಾತು

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಮಡಿಕೇರಿಯ ಏರು ಹತ್ತಿ ಬಂದಿದ್ದೀರಿ. ಮೇಷ್ಟ್ರುಗಳು, ಟೀಚರುಗಳು, ಅಪ್ಪ ಅಮ್ಮಂದಿರು ಒಟ್ಟಿಗೇ ಕೂತಿರುವುದು ನನಗೆ ಜಾಸ್ತಿ ಖುಷಿ. ಮಕ್ಕಳಿಗೆ ಧ್ಯಾನ ಹೇಳಿಕೊಡುವುದು, ತಮಗೆ ತಾವೇ ಒಳ್ಳೆಯ ಮಾತು ಹೇಳಿಕೊಳ್ಳುವುದು, ಇವೆರಡರ ಬಗ್ಗೆ ಇವತ್ತಿನ ಮಾತು. ಈ ಮಳೆಯಿಂದಲೇ ಶುರು ಮಾಡುತ್ತೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದದ್ದರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ. ಮಕ್ಕಂದೂರು, ಜೋಡುಪಾಲ ಅಂದರೆ ಸಾಕು. ಮರುವರ್ಷದ ಮಳೆಗಾಲದಲ್ಲಿ ನಾನು ಒಂಬತ್ತನೇ ಕ್ಲಾಸಿನಲ್ಲಿ ಧ್ಯಾನ ಶುರು ಮಾಡಿದೆ. "ಕಣ್ಣು ಮುಚ್ಚಿ, ಶೀಟಿನ ಮೇಲೆ ಬೀಳುವ ಮಳೆಯ ಸದ್ದು ಕೇಳಿ" ಅಂದೆ. ನನಗೆ ಚಿಕ್ಕಂದಿನಿಂದ ಅದಕ್ಕಿಂತ ಹಿತವಾದ ಸದ್ದಿಲ್ಲ. ಎರಡನೇ ಬೆಂಚಿನ ಹುಡುಗನೊಬ್ಬ ಡೆಸ್ಕಿನ ಅಂಚು ಬಿಗಿಯಾಗಿ ಹಿಡಿದುಕೊಂಡ. ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಆ ಚಳಿಯಲ್ಲೂ ಹಣೆಯಲ್ಲಿ ಬೆವರು. ಹತ್ತಿರ ಹೋಗಿ "ಏನಾಯ್ತು ಮಗ?" ಅಂದೆ.

"ಟೀಚರ್, ಕಣ್ಣು ಮುಚ್ಚಿದರೆ ಬರೆ ಜರಿಯುವ ಸದ್ದು ಕೇಳುತ್ತೆ."

ಅವರ ಮನೆ ಹಿಂದಿನ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ, ಕುಸಿದಿತ್ತು. ನನಗೆ ಗೊತ್ತಿರಲಿಲ್ಲ. ನಾನು ಕೇಳಿರಲಿಲ್ಲ, ಅದಕ್ಕೇ ಗೊತ್ತಿರಲಿಲ್ಲ. ಇವತ್ತು ನಾನು ಎಷ್ಟೇ ಮಾತಾಡಿದರೂ ಕೊನೆಗೆ ಹೇಳುವುದು ಇದೊಂದನ್ನೇ: ಮೊದಲು ಮಗುವನ್ನು ಕೇಳಿ.

ಮರುದಿನದಿಂದ ಕಣ್ಣು ಮುಚ್ಚುವುದನ್ನು ಬಿಟ್ಟೆವು. ಪಾದ ನೆಲಕ್ಕೆ ಊರಿ, ಕಿಟಕಿಯಾಚೆ ನೋಡಿ, ಕಂಡ ಐದು ವಸ್ತುಗಳ ಹೆಸರು ಮನಸ್ಸಿನಲ್ಲೇ ಹೇಳಿಕೊಳ್ಳಿ ಅಂದೆ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ, ಒದ್ದೆಯಾದ ನಾಯಿ. ನಾಯಿ ಬಂದಾಗ ಇಡೀ ಕ್ಲಾಸು ನಕ್ಕಿತು, ನಗಲಿ ಬಿಡಿ. ಆಮೇಲೆ ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ. ಇದು ಮೈಯ ಕೆಲಸ, ಇದಕ್ಕೆ ಜಾತಿ ಧರ್ಮ ಇಲ್ಲ.

ಇನ್ನು ಒಳ್ಳೆಯ ಮಾತು ಹೇಳಿಕೊಳ್ಳುವ ವಿಷಯ. ಗೋಡೆಗೆ ಚಾರ್ಟ್ ಅಂಟಿಸುತ್ತೇವೆ, "ನಾನು ಫಸ್ಟ್ ಬಂದೇ ಬರುತ್ತೇನೆ" ಅಂತ. ಲೈನ್ ಮನೆಯಿಂದ, ಅಂದರೆ ತೋಟದ ಕೂಲಿಯವರ ಸಾಲುಮನೆಯಿಂದ, ಬರುತ್ತಿದ್ದ ಹುಡುಗಿಯೊಬ್ಬಳು ಅದನ್ನು ಓದಲೇ ಇಲ್ಲ. ಯಾಕಮ್ಮ ಅಂದರೆ, "ಸುಳ್ಳು ಹೇಳಿದ ಹಾಗಾಗುತ್ತೆ ಟೀಚರ್" ಅಂದಳು. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೂ ಅವಳ ಮಾತನ್ನೇ ಹೇಳುತ್ತದೆ. ತಮ್ಮನ್ನು ತಾವೇ ಕೀಳಾಗಿ ಕಾಣುವವರು "ನಾನು ಪ್ರೀತಿಗೆ ತಕ್ಕವನು" ಅಂತ ಮತ್ತೆ ಮತ್ತೆ ಹೇಳಿಕೊಂಡಾಗ ಅವರ ಮನಸ್ಸು ಇನ್ನಷ್ಟು ಕುಗ್ಗಿತು. ಒಳಗಿನ ಮನಸ್ಸು ಒಪ್ಪದ ಮಾತು ತಿರುಗಿ ಚುಚ್ಚುತ್ತದೆ, ಅಲ್ವಾ?

ಹಾಗಾದರೆ ನಿನಗೆ ನಿಜ ಅನ್ನಿಸುವುದನ್ನು ನೀನೇ ಬರಿ ಅಂದೆ. ಅವಳು ತುಂಬಾ ಹೊತ್ತು ಪೆನ್ಸಿಲ್ ಕಚ್ಚಿಕೊಂಡು ಕೂತಳು. ಆಮೇಲೆ ನೋಟ್ ಬುಕ್ಕಿನ ಕೊನೇ ಪುಟದಲ್ಲಿ ಬರೆದಳು: "ನಾನು ತಮ್ಮನಿಗೆ ಲೆಕ್ಕ ಹೇಳಿಕೊಡುತ್ತೇನೆ. ಅವನಿಗೆ ಅರ್ಥ ಆಗುತ್ತೆ." ನೋಡಿ, ಎಷ್ಟು ಗಟ್ಟಿ ಮಾತು! ಪರೀಕ್ಷೆಯ ದಿನ ಹಾಲ್‌ಗೆ ಹೋಗುವ ಮುಂಚೆ ಅವಳು ಓದಿಕೊಂಡದ್ದು ಅದನ್ನೇ. ಆ ಚಾರ್ಟನ್ನು ನಾನೇ ಕಿತ್ತೆ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಐದೇ ನಿಮಿಷ ಅಂತೆ. ನಿದ್ದೆ, ಮೊಬೈಲು ಎರಡನ್ನೂ ಇನ್ನೊಮ್ಮೆ ಮಾತಾಡೋಣ. ಆದರೆ ಇದನ್ನು ಬಿಡಲಾರೆ. ಇಂಗ್ಲೆಂಡ್ ಕಡೆ 85 ಶಾಲೆಗಳನ್ನು ತೆಗೆದುಕೊಂಡು, ಸುಮಾರು ಅರ್ಧದಷ್ಟರಲ್ಲಿ ಧ್ಯಾನದ ಪಾಠ, ಉಳಿದವುಗಳಲ್ಲಿ ಮಾಮೂಲಿ ಪಾಠ ಮಾಡಿ ನೋಡಿದರು. ಧ್ಯಾನದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಪಾಠ. 2022ರಲ್ಲಿ ಬಂದ ಫಲಿತಾಂಶ ನೋಡಿದರೆ, ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಅದಕ್ಕೇ ಬಲವಂತ ಬೇಡ. ಬೇಡ ಅಂದ ಮಗು ಸುಮ್ನೆ ಚಿತ್ರ ಬಿಡಿಸಲಿ. ಮೊದಲು ಮಗುವನ್ನು ಕೇಳಿ.

ಮಗು ವಾರಗಟ್ಟಲೆ ಊಟ ಬಿಟ್ಟರೆ, ಬದುಕೋದೇ ಬೇಡ ಅಂದರೆ, ಧ್ಯಾನ ಸಾಲದು. ತಡಮಾಡದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಮನಸ್ಸಿನ ಕಷ್ಟಕ್ಕೆ ಸರ್ಕಾರ ಇಟ್ಟಿರುವ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ದುಡ್ಡಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಬರೆದುಕೊಳ್ಳಿ, ನಾನು ಕಾಯುತ್ತೇನೆ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ಆಚೆ ಕಾಫಿ ಇಟ್ಟಿದ್ದಾರೆ, ಘಮ ಬರುತ್ತಿದೆ. ಅದಕ್ಕೆ ಮುಂಚೆ ಒಂದು ನಿಮಿಷ. ಚಪ್ಪಲಿ ಕಳಚಿ, ಪಾದ ನೆಲಕ್ಕೆ ಊರಿ. ಕಣ್ಣು ತೆರೆದೇ ಇರಲಿ. ನಾಲ್ಕು ಎಣಿಸುತ್ತ ಒಳಗೆ...